ಸಾಕು ತಂದೆ

ಹೆಂಡತಿ ಕರೆದ ಕೂಡಲೇ ಓಗೊಡುವುದು ನನಗೆ ಮದುವೆಯಾದ ಹೊಸದರಲ್ಲೇ ಹತ್ತಿದ ಅಭ್ಯಾಸ. ಹಾಗಾಗಿ ಆ ರಜೆಯ ಮಧ್ಯಾಹ್ನ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ಪಕ್ಕದ ಕೋಣೆಯಿಂದ ಅವಳ ದನಿ ಕೇಳಿ, "ಬಂದೆ, ಬಂದೆ" ಎಂದು ಲೋಟ ಕೆಳಗಿಟ್ಟು ಹೊರಟೇಬಿಟ್ಟೆ. ಅವಳು ತೀರಿಕೊಂಡು ವರ್ಷವಾಗುತ್ತ ಬಂದಿದೆ ಎಂಬುದು ಬಾಗಿಲ ಹತ್ತಿರ ಹೋದಮೇಲೆ ನೆನಪಾಯಿತು.

ಕೋಣೆಯಲ್ಲಿ ಮೊಮ್ಮಗಳು ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಕಿವಿಗೆ ಹಾಕಿಕೊಂಡ ಸಾಧನದ ತಂತಿ ಅವಳ ಕಾಲಿಗೆ ಸಿಕ್ಕಿ ಕಿತ್ತುಬಂದಿತ್ತು. ಒಳಗಿನ ಸದ್ದೆಲ್ಲ ಹೊರಗೆ ಸುರಿಯುತ್ತಿತ್ತು. ತೆರೆಯ ಮೇಲೆ ಒಂದು ಕಟ್ಟಡದ ಮೆಟ್ಟಿಲು. ಮೆಟ್ಟಿಲ ಮೇಲೆ ಬೂದು ಬಣ್ಣದ ಶಾಲು ಹೊದ್ದ ಮುದುಕಿಯೊಬ್ಬಳು ಮುಗ್ಗರಿಸಿ ಬಿದ್ದಿದ್ದಳು. ಎದುರಿಗೆ ಬಂದೂಕಿನ ತುದಿ. ಮುದುಕಿ ಕೈ ಎತ್ತಿ ನನ್ನ ಹೆಂಡತಿಯ ದನಿಯಲ್ಲಿ ಮತ್ತೊಮ್ಮೆ ಹೇಳಿದಳು:

"ಸಾಕು... ತಂದೆ..."

ಮೊಮ್ಮಗಳು ತಿರುಗಿ ನೋಡಿದಳು. ನೋಡಿದವಳೇ ಯಂತ್ರದ ಗುಂಡಿ ಒತ್ತಿ ತೆರೆಯನ್ನು ಕಪ್ಪು ಮಾಡಿದಳು.

ಆ ಎರಡು ಶಬ್ದಗಳ ವಿಷಯ ಇಲ್ಲಿ ಹೇಳಬೇಕು. ಸಂಜೆ ನಾವಿಬ್ಬರೂ ದೇವರ ಮುಂದೆ ಕೂರುತ್ತಿದ್ದೆವು. ನನ್ನ ಪ್ರಾರ್ಥನೆ ಉದ್ದ. ಮಗಳ ಆರೋಗ್ಯ, ನನ್ನ ಮಂಡಿನೋವು, ಎಲ್ಲವನ್ನೂ ದೇವರಿಗೆ ಒಪ್ಪಿಸುತ್ತಿದ್ದೆ. ಅವಳದು ಎರಡೇ ಶಬ್ದ. ಕೈ ಮುಗಿದು "ಸಾಕು ತಂದೆ" ಎಂದು ಏಳುತ್ತಿದ್ದಳು. ಕೊಟ್ಟದ್ದು ಸಾಕು, ಇನ್ನೇನೂ ಬೇಡ ಎಂದು ಅರ್ಥ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ಬದುಕಿದವನು. ಬಿಡಿಸಿ ಬರೆದರೆ ಅದು ಪ್ರಾರ್ಥನೆ, ಅಂಟಿಸಿ ಬರೆದರೆ ಸಾಕುತಂದೆ, ಅಂದರೆ ನಾನು ಎಂದು ಅವಳನ್ನು ರೇಗಿಸುತ್ತಿದ್ದೆ. ಏಕೆಂದರೆ ತೀರಿಹೋದ ನನ್ನ ತಮ್ಮನ ಮಗನನ್ನು ನಾವೇ ಸಾಕಿದ್ದೆವು. ಅವನ ತುಂಟತನಕ್ಕೆ ಬೇಸತ್ತು ನಾನು "ಇವನನ್ನು ಸಾಕಿದ್ದು ಸಾಕು" ಎಂದು ಕೂಗಾಡಿದರೆ, "ಮೇಲಿರೋ ತಂದೆಗೂ ಇಲ್ಲಿರೋ ಸಾಕುತಂದೆಗೂ ನಾನು ಹೇಳೋದು ಒಂದೇ ಮಾತು" ಎಂದು ಅವಳು ನಗುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳ ಕೊನೆಯ ಹೊತ್ತಿನಲ್ಲಿ ನಾನು ಹತ್ತಿರ ಇರಲಿಲ್ಲ. ಒಗೆದ ಬಟ್ಟೆ ತರಲು ಮನೆಗೆ ಬಂದಿದ್ದೆ. ತಿರುಗಿ ಹೋಗುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು; ಮಾರನೆಯ ದಿನ ಉಸಿರೂ ನಿಂತಿತು. ಜೊತೆಗಿದ್ದ ತಮ್ಮನ ಮಗ ನನ್ನ ಕೈ ಹಿಡಿದು ಹೇಳಿದ್ದ: "ಕೊನೇ ಮಾತು ‘ಸಾಕು ತಂದೆ’ ಅಂದ್ಲು ದೊಡ್ಡಪ್ಪ. ನೆಮ್ಮದಿಯಾಗಿದ್ಲು." ಮಾತನಾಡಿಸಲು ಬಂದವರಿಗೆಲ್ಲ ನಾನು ಅದನ್ನೇ ಹೇಳಿದೆ. ಅಂದಿನಿಂದ ನನ್ನ ಉದ್ದದ ಪ್ರಾರ್ಥನೆಯನ್ನೂ ಅದೇ ಮಾತಿನಿಂದ ಮುಗಿಸುತ್ತಿದ್ದೆ. ಅವಳು ತೃಪ್ತಿಯಿಂದ ಹೋದಳೆಂಬ ಒಂದು ನಂಬಿಕೆಯ ಮೇಲೆ ನನ್ನ ದಿನಗಳು ಸಾಗುತ್ತಿದ್ದವು.

"ಅದು ಯಾರ ದನಿ?" ಎಂದು ಮೊಮ್ಮಗಳನ್ನು ಕೇಳಿದೆ.

ಅವಳು ಕಿತ್ತುಬಂದ ತಂತಿಯನ್ನು ಬೆರಳಿಗೆ ಸುತ್ತುತ್ತ ಕುಳಿತಳು. ನರ್ಸಿಂಗ್ ಕಲಿಯುವ ಹುಡುಗಿ. ಕಾಲೇಜು ಹತ್ತಿರವೆಂದು ನಮ್ಮ ಮನೆಯಲ್ಲೇ ಇದ್ದಾಳೆ. ಅಜ್ಜಿಯ ಹುಣ್ಣುಗಳನ್ನು ತೊಳೆದು, ಬೆನ್ನಿಗೆ ಪುಡಿ ಹಾಕಿದವಳು ಇವಳೇ. ಈ ಆಟಗಳ ಬಗ್ಗೆ ನಮ್ಮಲ್ಲಿ ಮೊದಲಿನಿಂದಲೂ ಜಗಳವಿತ್ತು. ಇಂಥವನ್ನು ಆಡಿದರೆ ಮನಸ್ಸು ಕಲ್ಲಾಗುತ್ತದೆ ಎಂದು ಪತ್ರಿಕೆಯಲ್ಲಿ ಬಂದರೆ ನಾನು ಓದಿ ಹೇಳುತ್ತಿದ್ದೆ. ಹಾಗೇನಿಲ್ಲ ಎಂದು ಬಂದರೆ ಅವಳು. "ನೀನು ಅಷ್ಟೊಂದು ಪತ್ತೇದಾರಿ ಕಾದಂಬರಿ ತಿದ್ದಿದೀಯಲ್ಲ ತಾತ, ಎಷ್ಟು ಜನರನ್ನ ಕೊಂದೆ?" ಎಂದು ಒಮ್ಮೆ ಕೇಳಿದ್ದಳು. "ಕಾಗುಣಿತ ಕೊಂದವರನ್ನ ಮಾತ್ರ ಹಿಡಿದುಕೊಟ್ಟೆ" ಎಂದಿದ್ದೆ. ಆ ದಿನ ನಕ್ಕಿದ್ದೆವು.

"ಅಜ್ಜೀದು" ಎಂದಳು ಕೊನೆಗೆ. "ಇದು ಮಾವನ ಆಫೀಸಿನವರು ಮಾಡಿದ ಆಟ. ನಿಂಗೆ ಹೇಳಬೇಡ ಅಂದಿದ್ದ." ಮಾವನೆಂದರೆ ನನ್ನ ತಮ್ಮನ ಮಗ.

"ನಿನಗೆ ಮೊದಲಿಂದ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ಆಡಿದೆಯಾ?"

"ಮೊದಲನೇ ಸಲ ಎದೆ ಝಲ್ ಅಂತು ತಾತ. ಆಫ್ ಮಾಡಿ ಅತ್ತುಬಿಟ್ಟೆ. ಆಮೇಲೆ ಅವಳಿಗೋಸ್ಕರಾನೇ ಆಡಿದೆ, ದನಿ ಕೇಳೋಣ ಅಂತ. ಮೆಟ್ಟಿಲ ಹತ್ರ ಬರೋದು, ಸುಮ್ನೆ ನಿಂತ್ಕೊಳ್ಳೋದು. ಹೊಡೀದಿದ್ರೆ ಅವಳು ಮಾತಾಡಲ್ಲ. ಹಾಗಾಗಿ..." ಬೆರಳಿನ ತಂತಿ ಬಿಚ್ಚುತ್ತ, "ಈಗೀಗ ಕೇಳಿಸೋದೇ ಇಲ್ಲ. ನೀನು ‘ಬಂದೆ’ ಅಂದಾಗಲೇ ನಂಗೆ ಅವಳು ಕೂಗಿದ್ದು ಗೊತ್ತಾಗಿದ್ದು" ಎಂದಳು.

ಅದನ್ನು ಆಡುವವರು ಆ ಮುದುಕಿಗೆ ಹೆಸರನ್ನೂ ಇಟ್ಟಿದ್ದಾರಂತೆ, ‘ಸಾಕಜ್ಜಿ’ ಎಂದು. ಒಬ್ಬರಿಗೊಬ್ಬರು ತಮಾಷೆಗೆ ಅವಳ ಹಾಗೆ ಕೂಗಿಕೊಳ್ಳುತ್ತಾರಂತೆ. ಅದನ್ನೂ ಅವಳೇ ಹೇಳಿದಳು, ನಾನು ಕೇಳಿದ್ದಕ್ಕೆ.

ತಮ್ಮನ ಮಗನನ್ನು ಬರಹೇಳಿದೆ. ಭಾನುವಾರ ಬೆಳಿಗ್ಗೆ ಸೇಬಿನ ಚೀಲ ಹಿಡಿದು ಬಂದ. ಚಿಕ್ಕಂದಿನಲ್ಲಿ ಗೋಡೆಗೆ ಕಿವಿಯಿಟ್ಟು ನೀರಿನ ಕೊಳವೆಯ ಸದ್ದು ಕೇಳುತ್ತ ನಿಲ್ಲುತ್ತಿದ್ದ ಹುಡುಗ. ಅವನ ದೊಡ್ಡಮ್ಮ ಅವನನ್ನು ಕಿವಿಯಪ್ಪ ಎಂದೇ ಕರೆಯುತ್ತಿದ್ದಳು. ದೊಡ್ಡವನಾದ ಮೇಲೆ ಇಂಥ ಆಟಗಳಿಗೆ ಸದ್ದು ಹಿಡಿಯುವುದೇ ಅವನ ಕಸುಬಾಯಿತು. ಎಲೆಕೋಸು ಮುರಿದು ಮೂಳೆ ಮುರಿಯುವ ಸದ್ದು ಮಾಡುತ್ತೇನೆ, ಒದ್ದೆ ಬಟ್ಟೆ ಒಗೆದು ಏಟಿನ ಸದ್ದು ಮಾಡುತ್ತೇನೆ ಎಂದು ಅವನು ಹೇಳಿದಾಗ ಅವಳು, "ಹೋಗಲಿ, ನನ್ನ ಮಗ ಬಟ್ಟೆ ಒಗೆಯೋದು ಕಲಿತನಲ್ಲ" ಎಂದಿದ್ದಳು.

ಚೀಲ ಮೇಜಿನ ಮೇಲಿಟ್ಟು ಅವನು ನನ್ನ ಮುಖ ನೋಡಿದ. ಆಮೇಲೆ ಮೊಮ್ಮಗಳ ಮುಖ ನೋಡಿದ. "ಹೇಳಿಬಿಟ್ಟೆಯಾ?" ಎಂದ ಅವಳಿಗೆ.

"ನಾನೇ ಕೇಳಿದೆ, ನನ್ನ ಕಿವಿಯಿಂದಲೇ" ಎಂದೆ. "ಅವಳು ಮಲಗಿದ್ದಾಗ ದನಿ ಹಿಡಿದಿಡ್ತೀನಿ ಅಂದೆ ನೀನು. ನಿಮಗೋಸ್ಕರ ದೊಡ್ಡಪ್ಪ, ಆಮೇಲೆ ಕೇಳೋಕೆ ಇರುತ್ತೆ ಅಂದೆ. ಅದನ್ನ ಆಟಕ್ಕೆ ಯಾಕೆ ಹಾಕಿದೆ?"

"ದೊಡ್ಡಪ್ಪ, ಅಲ್ಲಿ ಒಂದು ಮುದುಕಿ ದನಿ ಬೇಕಿತ್ತು. ಯಾವ ಕಲಾವಿದರನ್ನ ಕರೆಸಿದ್ರೂ ನಾಟಕ ಆಡಿದ ಹಾಗೇ ಇರೋದು. ದಿನ ಹತ್ರ ಬಂದಿತ್ತು."

"ಅವಳನ್ನ ಕೇಳಿದ್ದೆಯಾ?"

"ಕೆಲಸಕ್ಕೆ ಬೇಕು ಅಂದಿದ್ದೆ. ನಿನ್ನ ಕೆಲಸಕ್ಕೆ ಆಗುತ್ತೆ ಅಂದ್ರೆ ತಗೋ ಮಗೂ ಅಂದ್ಲು. ಏನು ಕೆಲಸ ಅಂತ ಕೇಳಲಿಲ್ಲ."

"ನನ್ನನ್ನು?"

"ನೀವು ಬೇಡ ಅಂತಿದ್ರಿ."

ಅಷ್ಟು ನೇರವಾಗಿ ಹೇಳಿದ. ಅದನ್ನು ತೆಗೆಸು ಎಂದೆ. ತೆಗೆಸಬಹುದು, ಆದರೆ ಈಗಾಗಲೇ ಜನರ ಹತ್ತಿರ ಹೋಗಿರುವುದು ಹಿಂದಕ್ಕೆ ಬರುವುದಿಲ್ಲ ಎಂದ. ಅವರ ಹತ್ತಿರ ಅವಳು ಇದ್ದೇ ಇರುತ್ತಾಳೆ, ಮೆಟ್ಟಿಲ ಮೇಲೆ.

"ಹಾಗಾದರೆ ನೀನು ಹಿಡಿದದ್ದನ್ನ ಪೂರ್ತಿ ಹಾಕು" ಎಂದೆ. "ಅವಳ ಕೊನೇ ಮಾತು ಅದೇ ಅಂದೆಯಲ್ಲ. ತುಂಡಲ್ಲ, ಪೂರ್ತಿ ಕೇಳ್ತೀನಿ."

"ಬೇಡ ದೊಡ್ಡಪ್ಪ."

"ಊರಿಗೆಲ್ಲ ಕೇಳಿಸಿದ್ದೀಯ. ನನಗೆ ಬೇಡವಾ?"

ಅವನು ಫೋನನ್ನು ಮೇಜಿನ ನಡುವೆ ಇಟ್ಟ. ಮೊದಲು ಆಸ್ಪತ್ರೆಯ ಫ್ಯಾನಿನ ಸದ್ದು. ಆಮೇಲೆ ಅವಳು ತನ್ನ ತಾಯಿಯ ವಿಷಯ ಏನೋ ಹೇಳುತ್ತಿದ್ದಳು. ಅದು ನನಗೂ ಗೊತ್ತಿದ್ದ ಕತೆ. ನಡುವೆ ಮಗ್ಗುಲು ಬದಲಿಸಲು ಹೋದಳೆಂದು ತೋರುತ್ತದೆ. ಮಂಚ ಕಿರುಗುಟ್ಟಿತು. ಮಾತು ಹೋಗಿ, ನಾನು ಅವಳೊಡನೆ ಕಳೆದ ಇಡೀ ಬಾಳಿನಲ್ಲಿ ಕೇಳದ ಒಂದು ದನಿ ಬಂತು. ಹೆರಿಗೆಯಲ್ಲೂ ಅವಳು ಹಾಗೆ ಕೂಗಿರಲಿಲ್ಲ. ಆ ಕೂಗಿನ ತುದಿಯಲ್ಲಿ "ಸಾಕು, ತಂದೆ, ಸಾಕು" ಎಂದಳು. ಅದರಲ್ಲಿ ತೃಪ್ತಿ ಇರಲಿಲ್ಲ. ಅಲ್ಲಿ ಅಲ್ಪವಿರಾಮ ಬೇಕಿತ್ತು. ನಾನು ವರ್ಷವಿಡೀ ಅದನ್ನು ಬಿಟ್ಟು ಓದಿದ್ದೆ.

ಸ್ವಲ್ಪ ಹೊತ್ತು ಉಸಿರಿನ ಸದ್ದು. ಆಮೇಲೆ ಇವನ ದನಿ, ಮೆಲ್ಲಗೆ, ಮುದ್ದಾಗಿ:

"ದೊಡ್ಡಮ್ಮ, ಇನ್ನೊಂದ್ಸಲ ಹೇಳ್ತೀಯಾ? ಮಂಚದ ಸದ್ದು ಸೇರಿಬಿಡ್ತು."

"ಏನು ಹೇಳಲೋ?"

"ಈಗ ಅಂದ್ಯಲ್ಲ, ಅದೇ. ನೋವಾದಾಗ ಅಂದ ಹಾಗೇ ಅನ್ನು."

ಅವಳು ಗಂಟಲು ಸರಿಮಾಡಿಕೊಂಡಳು. ಆಮೇಲೆ ಅಂದಳು. ಮೆಟ್ಟಿಲ ಮೇಲಿನ ಮುದುಕಿ ಹೇಳುತ್ತಿದ್ದ ಮಾತು ಇದೇ. ಅದು ನೋವಿನದೂ ಅಲ್ಲ, ನನ್ನ ಪ್ರಾರ್ಥನೆಯದೂ ಅಲ್ಲ. ಸಾಕಿದ ಮಗ ಕೇಳಿದನೆಂದು ಆಡಿತೋರಿಸಿದ್ದು. ಕೊನೆಗೆ ಸಣ್ಣಗೆ ನಕ್ಕು ಕೇಳಿದಳು:

"ಬಂತಾ, ಕಿವಿಯಪ್ಪ?"

"ಬಂತು ದೊಡ್ಡಮ್ಮ."

ಅಲ್ಲಿಗೆ ಮುಗಿಯಿತು.

ಮೊದಲು ಮಾತನಾಡಿದವಳು ಮೊಮ್ಮಗಳು. ಅವಳ ದನಿ ಆಸ್ಪತ್ರೆಯಲ್ಲಿ ಮಾತನಾಡುವ ಹಾಗಿತ್ತು.

"ಮಾವ, ಅವಳು ಮೊದಲು ಕೂಗಿದಾಗ ನರ್ಸನ್ನ ಕರೀಲಿಲ್ವಾ? ತಲೆ ಹತ್ರಾನೇ ಬೆಲ್ ಇತ್ತು."

"ಮೈಕ್ ಆನ್ ಇತ್ತು" ಎಂದ ಅವನು.

ಹೇಳಿದ ಮೇಲೆ ತಾನೇ ಅದನ್ನು ಕೇಳಿಸಿಕೊಂಡ. ಬಾಯಿಯ ಮೇಲೆ ಕೈಯಿಟ್ಟುಕೊಂಡ. "ನಾನು ದಿನಾ ಅದೇ ಕೇಳ್ತೀನಿ ದೊಡ್ಡಪ್ಪ. ಬೆಳಿಗ್ಗೆಯಿಂದ ಸಂಜೇವರೆಗೆ ಕೂಗು, ನರಳಾಟ. ಸರಿಯಾಗಿದೆಯಾ, ತೆಳುವಾಯ್ತಾ, ಇಷ್ಟೇ ನೋಡ್ತೀನಿ. ಆ ಹೊತ್ತಲ್ಲೂ ಸರಿಯಾಗಿ ಬಂತಾ ಅಂತಲೇ... ಅವಳು ನೋವಲ್ಲಿದಾಳೆ ಅಂತ ಗೊತ್ತಿತ್ತು. ಗೊತ್ತಿತ್ತು, ಆದ್ರೆ..."

"ನೆಮ್ಮದಿಯಾಗಿದ್ದಳು ಅಂದೆಯಲ್ಲ ನನಗೆ" ಎಂದೆ.

"ನಿಮಗೆ ಇನ್ನೇನು ಹೇಳಲಿ?"

ಅವನ ಕಣ್ಣಲ್ಲಿ ನೀರಿತ್ತು. ಚಿಕ್ಕಂದಿನಲ್ಲಿ ಅವನು ಅತ್ತರೆ ಅವಳು ಸೆರಗಿನಲ್ಲಿ ಮುಖ ಒರೆಸುತ್ತಿದ್ದಳು. ನಾನು ಕೈಕಟ್ಟಿ ನಿಲ್ಲುತ್ತಿದ್ದೆ. ಅಂದೂ ಹಾಗೆಯೇ ಕುಳಿತಿದ್ದೆ. ಒರೆಸುವವಳು ಇರಲಿಲ್ಲ.

"ಬೈದುಬಿಡಿ ದೊಡ್ಡಪ್ಪ" ಎಂದ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ.

"ಹೋಗಿ ಬಾ" ಎಂದೆ. ನಮ್ಮ ಮನೆಯಲ್ಲಿ ಹೊರಡುವವರಿಗೆ ಹಾಗೆಯೇ ಹೇಳುವುದು. ಆದರೆ ‘ಬಾ’ ಎನ್ನುವಾಗ ನನ್ನ ದನಿ ಹಿಂದೆಗೆದದ್ದು ಅವನಿಗೆ ತಿಳಿಯಿತು. ಕಿವಿಯಪ್ಪನಲ್ಲವೇ, ತಿಳಿಯದೆ ಇರುತ್ತದೆಯೇ.

ಅವನು ಹೋದ ಮೇಲೆ ನೋಡಿದರೆ, ಆ ದನಿಯನ್ನು ಮೊಮ್ಮಗಳ ಫೋನಿಗೆ ಕಳಿಸಿ ಹೋಗಿದ್ದ. ಅವಳು ನನ್ನ ಪಕ್ಕ ಬಂದು ಕುಳಿತಳು.

"ತಾತ, ಕೊನೇಲಿ ನಕ್ಕಿದಾಳಲ್ಲ, ಅಷ್ಟನ್ನೇ ಕತ್ತರಿಸಿ ಕೊಡ್ಲಾ? ಮಿಕ್ಕಿದ್ದು ಬೇಡ."

ಆಸೆಯಾಯಿತು. ಆ ನಗು ನನ್ನ ಹತ್ತಿರ ಬೇರೆಲ್ಲೂ ಇಲ್ಲ. ಆದರೂ ಬೇಡವೆಂದೆ. ಕತ್ತರಿಸಿದ್ದರಿಂದಲೇ ಇಷ್ಟೆಲ್ಲ ಆದದ್ದು. ಅವನು ಆಟಕ್ಕೆಂದು ಒಂದು ತುಂಡು ಕತ್ತರಿಸಿದ, ನನ್ನ ಸಮಾಧಾನಕ್ಕೆಂದು ಇನ್ನೊಂದು. ಇರುವುದು ಇದ್ದ ಹಾಗೆಯೇ ಇರಲಿ.

ಮೊಮ್ಮಗಳು ಆ ಆಟವನ್ನು ಅಳಿಸಿಹಾಕಿದಳು. ಉಳಿದವನ್ನು ಆಡುತ್ತಾಳೆ, ಆಡುವುದಿಲ್ಲವೆಂದು ನನಗೆ ಸುಳ್ಳು ಹೇಳಲಿಲ್ಲ. ಮೊನ್ನೆ ವಾರ್ಡಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವಾಗ ರೋಗಿಯೊಬ್ಬರು "ಸಾಕಮ್ಮ" ಎಂದರಂತೆ. ಕೈ ಬಿಡುವ ಹಾಗಿರಲಿಲ್ಲ, ಕಟ್ಟಿ ಮುಗಿಸಲೇಬೇಕಿತ್ತು. "ಆದ್ರೂ ನಿಲ್ಲಿಸಿದೆ ತಾತ, ಸುಮ್ನೆ, ಒಂದು ಉಸಿರಿನಷ್ಟು ಹೊತ್ತು. ನಂಗೆ ಕೇಳಿಸ್ತಾ ಇದೆಯಾ ಅಂತ ನೋಡ್ಕೊಳ್ಳೋಕೆ" ಎಂದಳು.

ಕೇಳಿಸಿತೇ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆ ಭಾನುವಾರ ಸಂಜೆಯೂ ದೇವರ ಮುಂದೆ ಕುಳಿತೆ. ಮಗಳ ಆರೋಗ್ಯ ಬೇಡಿದೆ, ಮಂಡಿನೋವು ಹೇಳಿಕೊಂಡೆ. ತಮ್ಮನ ಮಗನ ಹೆಸರು ಬರುವ ಜಾಗದಲ್ಲಿ ತಡೆದೆ, ಆಮೇಲೆ ಅವನ ಹೆಸರನ್ನೂ ಹೇಳಿದೆ. ಕೊನೆಯ ಮಾತಿನ ಸರದಿ ಬಂತು. ಅವಳು ನೋವಿನಲ್ಲಿ ಅಂದಂತೆ ಹೇಳಲು ನನಗೆ ಹಕ್ಕಿಲ್ಲ. ತೃಪ್ತಿಯಿಂದ ಹೇಳೋಣವೆಂದರೆ ತೃಪ್ತಿ ಇಲ್ಲ. ಕೈ ಮುಗಿದುಕೊಂಡೇ ಇದ್ದೆ.

"ಮುಗೀತಾ ತಾತ?" ಎಂದು ಮೊಮ್ಮಗಳು ಬಾಗಿಲಿನಿಂದ ಕೇಳಿದಳು.

"ಇಲ್ಲ" ಎಂದೆ.

ಅಂದಿನಿಂದ ನನ್ನ ಪ್ರಾರ್ಥನೆ ಮುಗಿದಿಲ್ಲ. ಹೊತ್ತಾಯಿತೆಂದು ಎದ್ದು ಬರುತ್ತೇನೆ, ಅಷ್ಟೆ.