ಆರು ಪ್ರಶ್ನೆ, ಮೂರು ತಾಸು

ಅಳವಂಡಿಯ ಪಾರಮ್ಮನಿಗೆ ಯಾವ ಕೆಲಸ ನೆನಪಿಸಿದರೂ ಒಂದೇ ಉತ್ತರ ಬರುತ್ತಿತ್ತು. “ಎಳ್ಳಮಾಸಿ ಆಗಲಿ, ನೋಡೋಣಂತ.” ಗಂಡ ಕಳಕಪ್ಪ ಕುರಿ ಹೊಡೆದುಕೊಂಡು ಕುಷ್ಟಗಿಯ ಕಡೆ ಹೋಗಿದ್ದ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಊರಿಗೆ ಬರುತ್ತಾನೆ. ಅವನು ಬಂದ ಮೇಲೆ ಹೊಲದ ಮಾತು, ಮನೆಯ ಮಾತು, ಮಗನ ಮಾತು ಎಲ್ಲ ಆಡಿದರಾಯಿತು ಎಂದು ಅವಳು ಸುಮ್ಮನಿದ್ದಳು.

ಅದು ೧೯೪೩ನೆಯ ಇಸವಿ. ಆಗ ನಿಜಾಮರ ಆಳ್ವಿಕೆ. ಪಾರಮ್ಮನ ಮಗ ಹುಚ್ಚೀರಪ್ಪ ಕೊಪ್ಪಳದಲ್ಲಿ ಉಳಿದುಕೊಂಡು ಹತ್ತನೆಯ ಜಮಾತಿನಲ್ಲಿ, ಅಂದರೆ ತರಗತಿಯಲ್ಲಿ, ಓದುತ್ತಿದ್ದ. ಪಾಠವೆಲ್ಲ ಉರ್ದುವಿನಲ್ಲಿ. ಶುಕ್ರವಾರ ಸಾಲೆಗೆ ರಜೆ ಇರುತ್ತಿದ್ದುದರಿಂದ ಗುರುವಾರ ಸಂಜೆ ಯಾವುದಾದರೂ ಚಕ್ಕಡಿ ಹಿಡಿದು ಊರಿಗೆ ಬರುತ್ತಿದ್ದ. ಒಂದು ಗುರುವಾರ ಅವನು ಬಂದಾಗ ಕೈಯಲ್ಲಿ ಮಡಚಿದ ಹಾಳೆಯೊಂದಿತ್ತು.

“ಯವ್ವಾ, ಮೆಟ್ರಿಕ್ ಪರೀಕ್ಷೆದ ಅರ್ಜಿ ಇದು. ಇದಕ್ಕ ಅಪ್ಪನ ಹೆಬ್ಬಟ್ಟು ಬೇಕು.”

“ಎಳ್ಳಮಾಸಿ ಆಗಲಿ” ಎಂದು ಪಾರಮ್ಮ ಹಾಳೆಯನ್ನು ಗೋಡೆಯ ಗೂಡಿನಲ್ಲಿಟ್ಟಳು.

ನಿಜ ಹೇಳಬೇಕೆಂದರೆ ಎಳ್ಳಮಾಸಿ ಆದ ಮೇಲೂ ಅದನ್ನು ಹೊರತೆಗೆಯುವ ಮನಸ್ಸು ಅವಳಿಗಿರಲಿಲ್ಲ. ಅದಕ್ಕೆ ಕಾರಣ ಅದೇ ಓಣಿಯ ಓಬಳೆಪ್ಪ. ಎಂಟು ವರ್ಷದ ಹಿಂದೆ ಇಡೀ ಅಳವಂಡಿಯಲ್ಲಿ ಅವನಷ್ಟು ಜಾಣ ಹುಡುಗ ಇನ್ನೊಬ್ಬನಿರಲಿಲ್ಲ. ಮೆಟ್ರಿಕ್ ಪರೀಕ್ಷೆಗೆಂದು ರಾಯಚೂರಿಗೆ ಹೋಗಿ ಫೇಲಾಗಿ ಬಂದ. ಚಾವಡಿಯಲ್ಲಿ ಜನ ಕೇಳಿದಾಗ, “ನಮ್ಮಂಥವರ ಪೇಪರ ಅಲ್ಲಿ ಯಾರೂ ಓದೂದಿಲ್ರಿ. ಹೆಸರು ನೋಡಿ ಬದಿಗಿಡ್ತಾರ” ಎಂದಿದ್ದ. ಆ ಮಾತು ಊರಲ್ಲಿ ಬೇರೂರಿತು. ಓದಿಸಿ ಪ್ರಯೋಜನವಿಲ್ಲ ಎಂದು ಜನ ಮಕ್ಕಳನ್ನು ನಾಲ್ಕನೆಯ ಜಮಾತಿಗೇ ಬಿಡಿಸತೊಡಗಿದರು. ನೆರೆಮನೆಯ ಇಮಾಮಬೀ ತನ್ನ ಹಿರಿಯ ಮಗ ನಜೀರಸಾಬನನ್ನು ಬಿಡಿಸಿ ಗಾಡಿ ಹೊಡೆಯಲು ಹಚ್ಚಿದಳು. ಹುಚ್ಚೀರಪ್ಪ ಇಲ್ಲಿಯವರೆಗೆ ಓದಿದ್ದು ತನ್ನದೇ ಹಟದಿಂದ.

ಮರುದಿನ ಬೆಳಿಗ್ಗೆ ಓಬಳೆಪ್ಪನೇ ಪಾರಮ್ಮನ ಮನೆಗೆ ಬಂದ. ಈಗ ಅವನು ಕೊಪ್ಪಳದ ಒಂದು ಹತ್ತಿ ಕಾರಖಾನೆಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದ. ತಾಯಿಗೆಂದು ನೇಯಲು ಹೇಳಿದ್ದ ಕಂಬಳಿ ಒಯ್ಯಲು ಬಂದವನ ಕಣ್ಣು ಗೂಡಿನೊಳಗಿನ ಹಾಳೆಯ ಮೇಲೆ ಬಿತ್ತು. ತೆಗೆದು ಓದಿದ.

“ಅಕ್ಕ, ಇದಕ್ಕ ಕೊನಿ ದಿನ ಬಹಮನ್ ತಿಂಗಳ ಹದಿನೈದು ಅಂತ ಬರದಾರ. ಇನ್ನ ನಾಕ ದಿನ ಐತಿ.”

“ಎಳ್ಳಮಾಸಿ ಆಗಲಿ. ಅವರಪ್ಪ ಬರ್ತಾನ.”

“ಎಳ್ಳಮಾಸಿ ಅದರ ಮುಂದ ಒಂದು ವಾರಕ್ಕ ಐತಿ. ಸರಕಾರದ ತಿಂಗಳ ಬ್ಯಾರೆ, ನಮ್ಮ ತಿಂಗಳ ಬ್ಯಾರೆ. ಈ ವರ್ಷ ತಪ್ಪಿದ್ರ ಮತ್ತ ಒಂದು ವರ್ಷ ಕಾಯಬೇಕು.”

ಪಾರಮ್ಮ ಉಣ್ಣೆ ನೂಲುವುದನ್ನು ನಿಲ್ಲಿಸಲಿಲ್ಲ. “ತಪ್ಪಿದ್ರ ತಪ್ಪಲಿ ಬಿಡು ತಮ್ಮಾ. ನಿನ್ನಂಥವನ್ನ ಪಾಸ್ ಮಾಡಲಿಲ್ಲ ಅವರು. ಇನ್ನ ಕುರಿ ಕಾಯೋರ ಮಗನ್ನ ಮಾಡ್ತಾರೇನು? ಎಳ್ಳಮಾಸಿ ಆದಮ್ಯಾಲ ಅವರಪ್ಪನ ಸಂಗಾಟ ಕುರಿ ಹಿಂದ ಹೋಗ್ತಾನ.”

ಹುಚ್ಚೀರಪ್ಪ ಹೊಸ್ತಿಲ ಹತ್ತಿರ ಕುಳಿತಿದ್ದ. ಅವನು ತಲೆ ಎತ್ತಲಿಲ್ಲ. ಓಬಳೆಪ್ಪ ಆ ಹುಡುಗನನ್ನೂ ಕೈಯಲ್ಲಿದ್ದ ಹಾಳೆಯನ್ನೂ ನೋಡಿದ. ಆಮೇಲೆ ಕಂಬಳಿಯನ್ನು ಕೆಳಗಿಟ್ಟು ಕುಳಿತ.

“ಅಕ್ಕ, ನನ್ನನ್ನ ಯಾರೂ ಫೇಲ್ ಮಾಡಲಿಲ್ಲ. ನಾನಾ ಫೇಲಾದೆ.”

ಪಾರಮ್ಮನ ಕೈ ನಿಂತಿತು.

“ಪುಸ್ತಕ ಪೂರಾ ಬಾಯಿಪಾಠ ಮಾಡಿದ್ದೆ. ಆದ್ರ ಪರೀಕ್ಷೆ ಹೆಂಗ ಬರೀಬೇಕು ಅನ್ನೂದು ಗೊತ್ತಿರಲಿಲ್ಲ. ಪರೀಕ್ಷೆ ದಿನಾನ ಮುಂಜಾನೆ ರಾಯಚೂರಿಗೆ ಇಳದೆ. ರೈಲಿನಾಗ ನಿದ್ದಿ ಇಲ್ಲ, ಹೊಟ್ಟಿಗೆ ಏನೂ ಇಲ್ಲ. ಆರು ಪ್ರಶ್ನೆ, ಮೂರು ತಾಸು ಕೊಟ್ಟಿದ್ರು. ಮೊದಲನೆ ಪ್ರಶ್ನೆ ಛಲೋ ಬರ್ತಿತ್ತು. ಬರಕೋತ ಹೋದೆ. ಎರಡನೇದೂ ಹಂಗ. ಮೂರನೇದು ಸುರು ಮಾಡೂದ್ರಾಗ ಗಂಟಿ ಹೊಡೀತು. ಬರೀಲಾರದ ಪ್ರಶ್ನೆಗೆ ಯಾರು ಮಾರ್ಕು ಕೊಡ್ತಾರ ಅಕ್ಕ?”

“ಮತ್ತ ಚಾವಡ್ಯಾಗ ಹಂಗ್ಯಾಕ ಹೇಳಿದಿ?”

“ನಾಚಿಕಿ ಆತು. ಇಡೀ ಊರು ಹೊಗಳಿತ್ತು. ಆನೆಗೊಂದ್ಯಾಗ ನಮ್ಮತ್ತಿ ಮನ್ಯಾಗ ಎರಡು ತಿಂಗಳ ಅಡಗಿ ಕುಂತೆ. ನಾ ಫೇಲಾಗಿದ್ದು ಮೊದಲ ದಿನದ ಆ ಒಂದು ವಿಷಯದಾಗ, ಅದನ್ನಷ್ಟ ಮತ್ತೊಮ್ಮೆ ಬರದಿದ್ರ ಆಗ್ತಿತ್ತು. ಅದರ ಅರ್ಜಿ ದಿನ ಅಲ್ಲೇ ಕಳದು ಹೋತು. ಹೊಳ್ಳಿ ಬಂದಾಗ ಯಾರೋ ಕೇಳಿದ್ರು, ಬಾಯಿಗೆ ಬಂದಿದ್ದ ಹೇಳಿಬಿಟ್ಟೆ.”

ಪಾರಮ್ಮನಿಗೆ ಇಮಾಮಬೀಯ ಮಗ ನೆನಪಾದ. ಆ ಹುಡುಗ ಏಳು ವರ್ಷದವನಿದ್ದಾಗಲೇ ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಬರೆಯುತ್ತಿದ್ದ. ಅವಳಿಗೆ ಸಿಟ್ಟು ಬಂತು, ಆದರೆ ದನಿ ಏರಿಸಲಿಲ್ಲ.

“ಎಂಟು ವರ್ಷ, ಓಬಳೆಪ್ಪ. ನಿನ್ನ ಮಾತು ನಂಬಿ ಈ ಓಣ್ಯಾಗ ಎಷ್ಟು ಮಂದಿ ಮಕ್ಕಳನ್ನ ಸಾಲಿ ಬಿಡಿಸ್ಯಾರ, ಎಣಿಸಿದೇನು?”

“ಎಣಿಸೀನಿ. ಏಳು ಮಂದಿ.”

“ಅಡ್ಡಿಯಿಲ್ಲ. ಹಂಗಾದ್ರ ಈಗ ಇವನ್ನ ನೀನಾ ನಡಸು. ಬರೇ ಬಾಯಿ ಮಾತು ನನಗ ಬ್ಯಾಡ. ಅರ್ಜಿಗೆ ಅವರಪ್ಪನ ಹೆಬ್ಬಟ್ಟು ಬೇಕಂತಲ್ಲ, ಕುರಿ ಎಲ್ಲಿ ಮೇಯ್ತಾವ ಅನ್ನೂದು ಯಾರಿಗೆ ಗೊತ್ತು?”

ಓಬಳೆಪ್ಪ ಹಾಳೆಯನ್ನು ಬೆಳಕಿಗೆ ಹಿಡಿದ. “ಇಲ್ಲಿ ಅಪ್ಪ ಅಂತ ಬರದಿಲ್ಲ ಅಕ್ಕ, ಪಾಲಕರು ಅಂತೈತಿ. ನೀನೂ ಪಾಲಕಿನಾ. ನಿನ್ನ ಹೆಬ್ಬಟ್ಟು ನಡೀತೈತಿ.”

ಹುಚ್ಚೀರಪ್ಪ ಆಗ ಮೊದಲ ಸಲ ತಾಯಿಯ ಮುಖ ನೋಡಿದ.

ಶನಿವಾರ ಅವಳು ಮಗನ ಜೊತೆ ಕೊಪ್ಪಳಕ್ಕೆ ಹೋದಳು. ಸಾಲೆಯ ಕಚೇರಿಯಲ್ಲಿ ಕಾಲಿಟ್ಟದ್ದು ಅದೇ ಮೊದಲು. “ನನ್ನ ಮಗ ಹುಚ್ಚೀರಪ್ಪನ ಅರ್ಜಿ ತಂದೀನ್ರಿ” ಎಂದಳು. ಅಲ್ಲಿದ್ದ ಗುಮಾಸ್ತ ಪುಸ್ತಕ ತಿರುವಿ ಹಾಕಿ, “ಆ ಹೆಸರಿನಾವ ಯಾರೂ ಇಲ್ಲವ್ವಾ” ಎಂದ. ಮಗನೇ ಬಿಡಿಸಿ ಹೇಳಿದ. ಅವನಿಗಿಂತ ಮೊದಲು ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲವಾದ್ದರಿಂದ ದೃಷ್ಟಿ ತಾಗದಿರಲೆಂದು ಇವನನ್ನು ಮನೆಯಲ್ಲಿ ಹಾಗೆ ಕರೆದಿದ್ದರು. ಸಾಲೆಗೆ ಹಾಕುವಾಗ ಕಳಕಪ್ಪ ದೇವೇಂದ್ರಪ್ಪ ಎಂದು ಬರೆಸಿದ್ದ. ಆದರೆ ಅರ್ಜಿಯಲ್ಲಿ ಹುಡುಗ ರೂಢಿಯಂತೆ ಹುಚ್ಚೀರಪ್ಪ ಎಂದೇ ತುಂಬಿದ್ದ. ಗುಮಾಸ್ತ ಬೇರೆ ಹಾಳೆ ಕೊಟ್ಟು, ಸಾಲೆಯ ಪುಸ್ತಕದಲ್ಲಿರುವ ಹೆಸರನ್ನೂ ಹುಟ್ಟಿದ ತಾರೀಖನ್ನೂ ಒಂದಕ್ಷರ ಬಿಡದೆ ನೋಡಿ ಬರೆಯಲು ಹೇಳಿದ. ಇನ್ನೂ ದಿನ ಉಳಿದಿತ್ತು, ಅದಕ್ಕೇ ತಿದ್ದಲು ಸಾಧ್ಯವಾಯಿತು. ಪಾರಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒತ್ತಿದಳು.

ಮುಂದಿನ ಶುಕ್ರವಾರದಿಂದ ಓಬಳೆಪ್ಪ ತಪ್ಪದೆ ಬಂದ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಒಬ್ಬ ಮಾಸ್ತರರಿಂದ ಕೇಳಿ ತಂದಿದ್ದ. ಕಾರಖಾನೆಯಿಂದ ಒಂದು ಮೇಜಿನ ಗಡಿಯಾರವನ್ನೂ ತಂದ. ಹುಡುಗನನ್ನು ಪಡಸಾಲೆಯಲ್ಲಿ ಕೂಡಿಸಿ, “ಮೂರು ತಾಸು ಬರಿ. ನಡುವ ಮಾತಿಲ್ಲ” ಎಂದ.

ಹುಚ್ಚೀರಪ್ಪ ಬಗ್ಗಿದವನು ಬಗ್ಗಿಯೇ ಬರೆದ. ಹೊತ್ತು ಮುಗಿದಾಗ ನೋಡಿದರೆ ಎರಡು ಪ್ರಶ್ನೆಗೆ ಅಂದವಾದ ಉತ್ತರ ಬರೆದಿದ್ದ, ಮೂರನೆಯದು ಅರ್ಧ ಆಗಿತ್ತು.

“ನೋಡಿದ್ಯಾ” ಎಂದ ಓಬಳೆಪ್ಪ. “ನಾನೂ ಇಷ್ಟ ಬರದಿದ್ದೆ.”

ಆಮೇಲೆ ಅವನು ಹೇಳಿಕೊಟ್ಟದ್ದು ಸರಳವಾಗಿತ್ತು. ಮೊದಲು ಪತ್ರಿಕೆ ಪೂರ್ತಿ ಓದು. ಚೆನ್ನಾಗಿ ಬರುವುದಕ್ಕೆ ಗುರುತು ಹಾಕಿ ಅದರಿಂದ ಶುರು ಮಾಡು. ಒಂದು ಪ್ರಶ್ನೆಗೆ ಅರ್ಧ ತಾಸು. ಅರ್ಧ ತಾಸಾದರೆ ಎಷ್ಟೇ ಚೆನ್ನಾಗಿ ಬರುತ್ತಿರಲಿ, ಜಾಗ ಬಿಟ್ಟು ಮುಂದಿನದಕ್ಕೆ ಹೋಗು.

“ಗಡಿಯಾರ ನೋಡಿಕೋತ ಬರಿಯೂದು ಹೆಂಗ ಮಾವ?” ಎಂದ ಹುಡುಗ.

ಆ ಕೆಲಸ ಪಾರಮ್ಮನಿಗೆ ಬಂತು. ಅವಳಿಗೆ ಅಂಕಿ ಓದಲು ಬಾರದು. ಉದ್ದ ಮುಳ್ಳು ಕೆಳಗೆ ಬಂದರೆ ಅರ್ಧ ತಾಸು, ಮೇಲೆ ಹೋದರೆ ಒಂದು ತಾಸು ಎಂದು ಓಬಳೆಪ್ಪ ತೋರಿಸಿದ. ಅವಳು ಉಣ್ಣೆ ನೂಲುತ್ತ ಮುಳ್ಳು ಕೆಳಗೆ ಬಂದ ಕೂಡಲೇ, ಮತ್ತೆ ಮೇಲೆ ಹೋದ ಕೂಡಲೇ, “ಬಿಡು, ಮುಂದಿಂದು” ಎನ್ನುತ್ತಿದ್ದಳು. ಮೊದಲ ವಾರ ಹುಡುಗ ಸಿಡುಕಿದ. “ಯವ್ವಾ, ಇನ್ನ ಎರಡ ಸಾಲು ಐತಿ.” ಅವಳು ಕೇಳಲಿಲ್ಲ. ನಾಲ್ಕನೆಯ ವಾರ ಐದು ಉತ್ತರ ಆದವು. ಏಳನೆಯ ವಾರ ಆರೂ ಆಗಿ, ಓದಿ ತಿದ್ದಲು ಸ್ವಲ್ಪ ಹೊತ್ತು ಮಿಕ್ಕಿತು.

ಇನ್ನೊಂದು ಕೊರತೆಯನ್ನು ಪಾರಮ್ಮನೇ ಕಂಡುಹಿಡಿದಳು. ಮಗ ಉರ್ದುವಿನಲ್ಲಿ ಮಳೆಗಾಳಿಯ ಪಾಠ ಗಟ್ಟಿಯಾಗಿ ಹೇಳುತ್ತಿದ್ದ. “ಅದೇನು, ನನಗ ತಿಳಿಯೂಹಂಗ ಹೇಳು” ಎಂದಳು. ಅವನು ಕಡಲಿನ ಕಡೆಯಿಂದ ಗಾಳಿ ಬರುತ್ತದೆ, ಮಳೆ ತರುತ್ತದೆ ಎಂದ.

“ಮತ್ತ ನಮ್ಮ ಕಡೆ ಯಾಕ ಕಮ್ಮಿ?”

ಹುಡುಗ ಪುಸ್ತಕದ ಸಾಲನ್ನೇ ಮತ್ತೆ ಉರ್ದುವಿನಲ್ಲಿ ಹೇಳಿದ. ಪಾಠ ಬಾಯಿಗೆ ಬಂದಿತ್ತು, ತಲೆಗೆ ಹೋಗಿರಲಿಲ್ಲ. ಮರುವಾರ ಮಾಸ್ತರರನ್ನು ಕೇಳಿಕೊಂಡು ಬಂದು, ಪಡುವಣದ ಗುಡ್ಡಗಳು ಮಳೆಯನ್ನು ಮೊದಲೇ ಇಳಿಸಿಕೊಳ್ಳುತ್ತವೆ, ನಮ್ಮವರೆಗೆ ಬರುವುದರೊಳಗೆ ಗಾಳಿ ಬರಿದಾಗಿರುತ್ತದೆ ಎಂದು ಹೇಳಿದ. ಅಂದಿನಿಂದ ಪ್ರತಿ ಪಾಠವನ್ನೂ ಮೊದಲು ಕನ್ನಡದಲ್ಲಿ ತಾಯಿಗೆ ತಿಳಿಸಿ ಹೇಳಿ, ಆಮೇಲೆ ಉರ್ದುವಿನಲ್ಲಿ ಬರೆದ.

ಈ ನಡುವೆ ಎಳ್ಳಮಾಸಿಗೆ ಬಂದಿದ್ದ ಕಳಕಪ್ಪ ಹೆಂಡತಿ ಗಡಿಯಾರ ನೋಡುತ್ತ ಕುಳಿತದ್ದನ್ನು ಕಂಡು ಬೆರಗಾದ. ಪಾರಮ್ಮ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳಿ, “ಹಂಗಾದ್ರ ಈ ಸಲ ಕುರಿ ನಾ ಒಬ್ಬನಾ ನೋಡಿಕೋತೀನಿ” ಎಂದಷ್ಟೇ ಹೇಳಿ ಎದ್ದ.

ಹೋಳಿ ಹುಣ್ಣಿಮೆ ಆದ ಮೇಲೆ ಪರೀಕ್ಷೆ ಬಂತು. ಹುಚ್ಚೀರಪ್ಪ ಎರಡು ದಿನ ಮೊದಲೇ ರಾಯಚೂರಿಗೆ ಹೋಗಿ, ಪರೀಕ್ಷೆಯ ಕಟ್ಟಡವನ್ನು ನೋಡಿಕೊಂಡು, ಹೊಟ್ಟೆ ತುಂಬ ಉಂಡು ಮಲಗಿದ. ಇತ್ತ ಓಬಳೆಪ್ಪ ಸುಮ್ಮನೆ ಕೂಡಲಿಲ್ಲ. ಪಾಸಾದರೆ ಮುಂದಿನ ಓದು ಗುಲಬರ್ಗಾದ ಕಾಲೇಜಿನಲ್ಲಿ. ಫಲಿತಾಂಶ ಬಂದ ಮೇಲೆ ದಿನ ಕಡಿಮೆ ಇರುತ್ತದೆಂದು ಈಗಲೇ ಅಲ್ಲಿಗೆ ಕಾಗದ ಬರೆದು ಕಾಲೇಜಿನ ಅರ್ಜಿ, ವಸತಿಯ ಅರ್ಜಿ ಎರಡನ್ನೂ ತರಿಸಿಟ್ಟ. ಯಾವ ಯಾವ ಪ್ರಮಾಣಪತ್ರ ಬೇಕೆಂದು ಒಂದು ಚೀಟಿಯಲ್ಲಿ ಬರೆದ.

ಮುಂಗಾರು ಶುರುವಾಗುವ ಹೊತ್ತಿಗೆ ಫಲಿತಾಂಶ ಬಂತು. ಹುಚ್ಚೀರಪ್ಪ ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದ.

ಸಂಜೆ ಪಾರಮ್ಮನ ಮನೆಯ ಮುಂದೆ ಓಣಿಯ ಜನ ಸೇರಿದರು. ಎಲ್ಲರ ಬಾಯಲ್ಲೂ ಒಂದೇ ಮಾತು. “ಯಾರದೋ ವಶೀಲಿ ಹಚ್ಯಾರ. ಇಲ್ಲಾಂದ್ರ ನಮ್ಮಂಥವರನ್ನ ಪಾಸ್ ಮಾಡ್ತಾರೇನು?”

ಪಾರಮ್ಮ ಓಬಳೆಪ್ಪನ ಕಡೆ ನೋಡಿದಳು. ಅವನು ಎದ್ದು ನಿಂತ.

“ಯಾವ ವಶೀಲಿನೂ ಇಲ್ರಿ. ಹುಡುಗ ಬರದಾನ, ಪಾಸಾಗ್ಯಾನ. ನಾ ಬರೀಲಿಲ್ಲ, ಫೇಲಾದೆ. ಚಾವಡ್ಯಾಗ ನಾ ಅವತ್ತು ಹೇಳಿದ್ದು ಸುಳ್ಳು.”

ಅವನು ನಾಲ್ಕು ಉತ್ತರ ಬಿಟ್ಟದ್ದು, ಆನೆಗೊಂದಿಯಲ್ಲಿ ಅಡಗಿ ಕುಳಿತದ್ದು, ಎಲ್ಲವನ್ನೂ ಹೇಳಿ ಮುಗಿಸಿದ. ಇಮಾಮಬೀ ಬಾಗಿಲ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

“ನಮ್ಮ ನಜೀರಗ ಈಗ ಹದಿನೆಂಟು ತುಂಬ್ಯಾವ” ಎಂದಳು. “ಇದನ್ನ ಅವತ್ತ ಹೇಳಿದ್ರ ಅಂವನೂ ಓದ್ತಿದ್ದ.”

ಇಮಾಮಬೀ ಸೆರಗು ಸರಿಮಾಡಿಕೊಂಡಳು.

“ಸಣ್ಣಾವ ನಾಕನೆ ಜಮಾತಿನಾಗ ಅದಾನ. ಈ ವರ್ಷ ಬಿಡಿಸೂದಿತ್ತು. ಬಿಡಿಸೂದಿಲ್ಲ. ಅಂವಗ ನೀನಾ ಹೇಳಿಕೊಡಬೇಕು. ನಜೀರನೂ ಬಂದು ಕೂಡ್ತಾನ, ಕಲಿಯೂವಷ್ಟು ಕಲೀಲಿ.”

“ಆತವ್ವಾ” ಎಂದ ಓಬಳೆಪ್ಪ.

ಹುಚ್ಚೀರಪ್ಪ ಗುಲಬರ್ಗಾಕ್ಕೆ ಹೋದ. ಅರ್ಜಿ ಮೊದಲೇ ಸಿದ್ಧವಿತ್ತು, ವಸತಿಯಲ್ಲಿ ಜಾಗವೂ ಸಿಕ್ಕಿತು. ಓಬಳೆಪ್ಪ ಮರುವರ್ಷ ತನ್ನ ಹೆಸರಿನಲ್ಲೇ ಒಂದು ಅರ್ಜಿ ತುಂಬಿ, ತನಗಿಂತ ಹತ್ತು ವರ್ಷ ಚಿಕ್ಕ ಹುಡುಗರ ಸಾಲಿನಲ್ಲಿ ಕುಳಿತು ಪರೀಕ್ಷೆ ಬರೆದ. ಮೂರನೆಯ ದರ್ಜೆಯಲ್ಲಿ ಪಾಸಾದ.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲಿ ಈ ವರ್ಷ ಹತ್ತನೆಯ ತರಗತಿಯ ಮಗನೋ ಮಗಳೋ ಇದ್ದರೆ ಇಂದೇ ಕೂಡಿಸಿಕೊಂಡು ಕೇಳಿ. ಅರ್ಜಿಗೆ ಕೊನೆಯ ದಿನ ಯಾವುದು? ಹೆಸರು, ಹುಟ್ಟಿದ ತಾರೀಖು ಎಲ್ಲ ಕಾಗದದಲ್ಲೂ ಒಂದೇ ಇದೆಯೇ? ಹಳೆಯ ಪ್ರಶ್ನೆಪತ್ರಿಕೆಯನ್ನು ಹೊತ್ತು ನೋಡಿಕೊಂಡು ಒಮ್ಮೆಯಾದರೂ ಪೂರ್ತಿ ಬರೆದಿದ್ದಾರೆಯೇ? ಮುಂದೆ ಯಾವ ಕಾಲೇಜು, ಅಲ್ಲಿಗೆ ಏನೇನು ಕಾಗದ ಬೇಕು? ನಿಮಗೆ ಓದಲು ಬಾರದಿದ್ದರೂ ಇಷ್ಟನ್ನು ಕೇಳಬಹುದು. ಸಾಲೆಯ ಕಚೇರಿಗೆ ಹೋಗಲು ಅಂಜಬೇಡಿ. ಮತ್ತು ಮಕ್ಕಳು ಒಂದು ವಿಷಯದಲ್ಲಿ ಫೇಲಾಗಿ ಬಂದರೆ ಬಯ್ಯುವ ಮೊದಲು, ಮತ್ತೆ ಬರೆಯುವ ಅರ್ಜಿ ಯಾವಾಗ ಎಂದು ವಿಚಾರಿಸಿ. ಫೇಲಾದವರು ನಿಮ್ಮ ಓಣಿಯಲ್ಲಿದ್ದರೆ ಅವರನ್ನೂ ಕರೆದು ಕೂಡಿಸಿ ಮಾತಾಡಿಸಿ. ಎಲ್ಲಿ ತಪ್ಪಿತೆಂದು ಅವರು ಹೇಳಿದರೆ ನಿಮ್ಮ ಮಕ್ಕಳಿಗೆ ದಾರಿ ತಿಳಿಯುತ್ತದೆ, ಅವರಿಗೂ ಮತ್ತೊಮ್ಮೆ ಬರೆಯುವ ಧೈರ್ಯ ಬರುತ್ತದೆ.