ಪಾಂಡಿತ್ಯದ ಎರಡನೇ ಅರ್ಥ

ನಿಘಂಟು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪದಗಳ ಚೀಟಿ ಬರೆಯುತ್ತಿದ್ದ ಆಕೆಯನ್ನು ಎಲ್ಲರೂ ‘ಚೀಟಿ ಅಕ್ಕ’ ಎಂದೇ ಕರೆಯುತ್ತಿದ್ದರು. ಪುಸ್ತಕ, ಪತ್ರಿಕೆ, ಜನರ ಬಾಯಿ, ಎಲ್ಲಿ ಒಂದು ಪದ ಹೊಸ ಅರ್ಥದಲ್ಲಿ ಸಿಕ್ಕಿದರೂ ವಾಕ್ಯ ಸಮೇತ ಬರೆದು, ತಾರೀಖು ಹಾಕಿ, ಮರದ ಖಾನೆಗೆ ಸೇರಿಸುವುದು ಅವಳ ಕೆಲಸ. ಆ ವಾರ ಸರದಿ ‘ಪಾಂಡಿತ್ಯ’ದ್ದು.

ಅವಳು ಎರಡು ಅರ್ಥ ಕೊಟ್ಟಿದ್ದಳು. ಒಂದು: ಆಳವಾದ ಶಾಸ್ತ್ರಜ್ಞಾನ, ವಿದ್ವತ್ತು. ಎರಡು: ಬೇಡದ ಕಡೆ ತೋರಿಸುವ ಜಾಣತನ, ಆಡುಮಾತಿನಲ್ಲಿ, ಚುಚ್ಚಿ ಹೇಳುವಾಗ. ಹಾಳೆ ಪ್ರಧಾನ ಸಂಪಾದಕರ ಕೋಣೆಯಿಂದ ವಾಪಸು ಬಂದಾಗ ಎರಡನೆಯದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ‘ಬಳಕೆಯಲ್ಲಿಲ್ಲ’ ಎಂಬ ಷರಾ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಅರ್ಥಕ್ಕೆ ಒಂಬತ್ತು ಚೀಟಿಗಳಿದ್ದವು. ಒಂದನ್ನೂ ಅವರು ತೆಗೆದು ನೋಡಿರಲಿಲ್ಲ. ಕಟ್ಟನ್ನು ಹಿಡಿದು ನೇರ ಒಳಗೆ ಹೋದಳು.

“ಸರ್, ಇದು ಜನ ದಿನಾ ಆಡೋ ಮಾತು. ಬಳಕೇಲಿಲ್ಲ ಅಂತ ಹೇಗೆ ಬರೆದ್ರಿ?”

ಸಂಪಾದಕರು ತಲೆ ಎತ್ತಲಿಲ್ಲ. “ಅದು ಘನತೆ ಇರೋ ಪದ ಕಣಮ್ಮ. ಬೀದಿ ಮಾತನ್ನೆಲ್ಲ ಅದಕ್ಕೆ ಅಂಟಿಸಬಾರದು.”

“ಘನತೆ ಅಳೆಯೋದು ನಮ್ಮ ಕೆಲಸ ಅಲ್ಲ ಸರ್. ಜನ ಹೇಗೆ ಬಳಸ್ತಾರೆ ಅಂತ ನೋಡೋದು. ಈ ಒಂಬತ್ತು ಚೀಟಿ...”

“ಅಯ್ಯೋ, ಸಾಕು ಬಿಡಮ್ಮ! ನಿನ್ನ ಪಾಂಡಿತ್ಯ ನನ್ನ ಹತ್ರ ಬೇಡ.”

ಕಡತ ಹಿಡಿದು ಬಂದಿದ್ದ ಟೈಪಿಸ್ಟ್ ಕೆಮ್ಮಿ ನಗು ನುಂಗಿದಳು. ಚೀಟಿ ಅಕ್ಕ ಅಲ್ಲೇ, ಅವರ ಮೇಜಿನ ಮೇಲೇ ಒಂದು ಖಾಲಿ ಚೀಟಿ ಇಟ್ಟು, ಅವರಾಡಿದ ಮಾತನ್ನು ಒಂದಕ್ಷರ ಬಿಡದೆ ಬರೆದಳು. ತಾರೀಖು ಹಾಕಿದಳು. ‘ಆಡಿದವರು: ಪ್ರಧಾನ ಸಂಪಾದಕರು.’

“ಹತ್ತಾಯ್ತು ಸರ್,” ಎಂದಳು.

ಶುಕ್ರವಾರ ಸಂಪಾದಕ ಮಂಡಳಿ ಸೇರಿದಾಗ ಹತ್ತನ್ನೂ ಮುಂದಿಟ್ಟಳು. ಹಿರಿಯ ಸದಸ್ಯೆಯೊಬ್ಬರು ಕೊನೆಯದನ್ನು ಎರಡು ಸಲ ಓದಿ, ಸಂಪಾದಕರತ್ತ ನೋಡಿ, “ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗುತ್ತೆ, ನೀವೇ ಹೇಳಿ!” ಎಂದರು. ಎರಡನೇ ಅರ್ಥ ಉಳಿಯಿತು. ಆ ವಾಕ್ಯವೂ ಸೇರಿತು. ಆಡಿದವರು ಯಾರೆಂಬುದನ್ನು ಮಾತ್ರ ಮಂಡಳಿ ಮರ್ಯಾದೆಗೆಂದು ತೆಗೆಸಿತು.

ಸಂಜೆ ಮನೆಯಲ್ಲಿ ಇದನ್ನು ಕೇಳಿ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಗೆದ್ದೆಯಲ್ಲ ಅಕ್ಕ, ಮತ್ಯಾಕೆ ಮುಖ ಊದಿಸ್ಕೊಂಡಿದ್ದೀಯ?”

“ಇವತ್ತೇ ಮುನ್ನುಡಿ ಕರಡೂ ಬಂತು. ಸಂಪಾದಕರ ಪಾಂಡಿತ್ಯಕ್ಕೆ ಎರಡು ಪುಟ ಕಣೇ! ನಾನು ‘ಗುಮಾಸ್ತೆ ಕೆಲಸದಲ್ಲಿ ನೆರವಾದವರು’ ಅನ್ನೋದ್ರಲ್ಲಿ ಸೇರಿಹೋಗಿದ್ದೀನಿ. ಹೆಸರೂ ಇಲ್ಲ.”

ತಂಗಿಯ ನಗು ನಿಂತಿತು. “ಸುಮ್ನೆ ಬಿಡ್ತೀಯಾ?”

“ಬಿಡೋದಾ? ಆ ಪೆನ್ನು ಕೊಡು ಇಲ್ಲಿ,” ಎಂದು ಅವಳು ಮಂಡಳಿಗೆ ಪತ್ರ ಬರೆಯಲು ಕೂತಳು.