ಎರಡು ಬಣವಿ

ಜವಳಗೇರಾದಲ್ಲಿ ಕಿರಾಣಿ ಅಂಗಡಿ ಇಟ್ಟ ಅಮರಗುಂಡಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಾಕ್ಷಿ ಹೇಳಲು ಸಿಂಧನೂರಿನ ಕೋರ್ಟಿಗೆ ಹೊರಟ ದಿನ ಮಾತ್ರ ಬಸ್ಸಿನಲ್ಲಿ ಚಿಲ್ಲರೆ ಉಳಿಸಿಕೊಂಡ ಕಂಡಕ್ಟರನ ಜೊತೆಗೂ ಜಗಳ ತೆಗೆಯದೆ ಕುಳಿತಿದ್ದ.

ಪಕ್ಕದಲ್ಲಿ ಸೂಗಮ್ಮ, ಹೋದ ಸುಗ್ಗಿಯಲ್ಲಿ ಕೊಲೆಯಾದ ವೆಂಕೋಬನ ತಾಯಿ. ಆರೋಪಿ ಅದೇ ಊರಿನ ಕುರಿಗಾರ ಬೀರಲಿಂಗ. ಕೊಲೆ ಮಾಡಿದ ಕೊಡಲಿಯನ್ನು ಅವನೇ ಜಾಗ ತೋರಿಸಿ ತೆಗೆದುಕೊಟ್ಟನೆಂಬುದಕ್ಕೆ ಪೊಲೀಸರು ಅಮರಗುಂಡಪ್ಪನನ್ನು ಪಂಚನಾಗಿ, ಅಂದರೆ ಕಣ್ಣಾರೆ ಕಂಡ ಸಾಕ್ಷಿಯಾಗಿ, ನಿಲ್ಲಿಸಿಕೊಂಡಿದ್ದರು.

"ಗಟ್ಟಿಯಾಗಿ ಹೇಳಪಾ ತಮ್ಮಾ. ಆ ಕೊಡ್ಲಿ ಬಿಟ್ರ ಬ್ಯಾರೆ ಆಧಾರ ಇಲ್ಲಂತ."

"ಕಂಡಿದ್ದು ಹೇಳ್ತೀನಿ ಬಿಡಬೇ ಯಕ್ಕಾ. ನನ್ನೇನು ಹೇಳಿಕೊಟ್ಟಿದ್ದು ಒದರೋ ಗಿಳಿ ಮಾಡೀಯೇನು?"

ಕಂಡದ್ದೇ ಅವನನ್ನು ಕಾಡುತ್ತಿತ್ತು. ಕೊಡಲಿ ತೆಗೆಸಿದ ದಿನ ಕಣದಲ್ಲಿ ನೆಲ್ಲುಹುಲ್ಲಿನ ಎರಡು ಬಣವಿಗಳಿದ್ದವು. ಜೀಪಿನಿಂದಿಳಿದ ಬೀರಲಿಂಗ ಕಾಲುವೆ ಕಡೆಯ ಬಣವಿಗೆ ಕೈ ಹಾಕಿದ್ದ.

"ಅದಲ್ಲಲೇ, ಈ ಕಡೀದು," ಎಂದಿದ್ದ ಪೊಲೀಸಪ್ಪ. ಎಲ್ಲರೂ ನಕ್ಕರು, ಅಮರಗುಂಡಪ್ಪನೂ ನಕ್ಕ. ಕೊಡಲಿ ಇನ್ನೊಂದು ಬಣವಿಯಲ್ಲಿ ಸಿಕ್ಕಿತು.

ಬಚ್ಚಿಟ್ಟವನಿಗೇ ತಿಳಿಯದ ಜಾಗ ಪೊಲೀಸನಿಗೆ ಹೇಗೆ ತಿಳಿಯಿತು? ಪೊಲೀಸರ ಏಟು ತಿಂದವನು, ಗಾಬರಿಯಲ್ಲಿ ತಪ್ಪಿರಬಹುದು. ಜಾಗ ಯಾವುದೆಂದು ಮೊದಲೇ ಠಾಣೆಯಲ್ಲಿ ಬಾಯಿ ಬಿಟ್ಟಿದ್ದನೇನೋ. ಕೊಂದವನು ಅವನೇ ಇರಬಹುದು. ಹೌದೆಂದರೂ ಇಲ್ಲವೆಂದರೂ ಮನಸ್ಸು ಒಪ್ಪುತ್ತಿರಲಿಲ್ಲ.

ಕಟಕಟೆಯಲ್ಲಿ ನಿಂತ ಅವನನ್ನು ಸರ್ಕಾರಿ ವಕೀಲರು ಕೇಳಿದರು: "ಆರೋಪಿ ಏನು ಮಾಡಿದ, ಹೇಳಿ."

"ಮೊದ್ಲು ಬ್ಯಾರೆ ಬಣವಿಗೆ ಕೈ ಹಾಕಿದ್ನ್ರಿ. ಅದಲ್ಲಂತ ಪೊಲೀಸ್ರು ತೋರಿಸಿದ್ರು. ಆಮ್ಯಾಲೆ ತೆಗದ."

ವಕೀಲರ ಮುಖ ಗಂಟಿಕ್ಕಿತು. "ನಿಮ್ಮ ನೆನಪು ಸರಿಯಾಗಿದೆಯಾ?"

"ನೆಟ್ಟಗೈತ್ರಿ! ಅದು ಕೆಟ್ಟಿದ್ರ ನನಗ ನಿದ್ದಿಯಾದ್ರೂ ಬರ್ತಿತ್ತು."

ಬೀರಲಿಂಗ ತಲೆ ಎತ್ತಿ ನೋಡಿದ. ಅಮರಗುಂಡಪ್ಪ ಅವನತ್ತ ನೋಡಲಿಲ್ಲ.

ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ ಅವನ ಪಕ್ಕದ ಸೀಟೊಂದೇ ಖಾಲಿ ಇತ್ತು. ಸೂಗಮ್ಮ ಕಂಬಿ ಹಿಡಿದು ನಿಂತೇ ಇದ್ದಳು.

"ಅಂವ ಕೊಂದಿಲ್ಲಂತೀಯೇನು?"

"ಅದು ನನಗ ಗೊತ್ತಿಲ್ಲಬೇ."

"ಗೊತ್ತಿಲ್ದ ಮ್ಯಾಲೆ ಸುಮ್ನಿರಾಕ ಏನಾಗಿತ್ತು ನಿನಗ? ಹೆತ್ತಾಕಿ ನಾನು. ಇನ್ನ ಯಾರನ್ನ ಕೇಳ್ಲಿ?"

ಬೇರೆ ದಿನವಾಗಿದ್ದರೆ ಒಂದಕ್ಕೆರಡು ಹೇಳುತ್ತಿದ್ದ. ಬಸ್ಸು ಕಾಲುವೆಯ ಸೇತುವೆ ದಾಟುವಾಗ ಕುಲುಕಿತು, ಮುದುಕಿ ತೂರಾಡಿದಳು.

ಅಮರಗುಂಡಪ್ಪ ಎದ್ದು ಚೀಲ ಹೆಗಲಿಗೇರಿಸಿದ. "ಕುಂದ್ರಬೇ. ನನ್ನ ಬಾಜೂಕ ಬ್ಯಾಡ, ನೀ ಒಬ್ಬಾಕಿನ ಕುಂದ್ರು," ಎಂದವನೇ ಹಿಂದಿನ ಬಾಗಿಲ ಬಳಿ ಹೋಗಿ ನಿಂತ.

ಸ್ವಲ್ಪ ಹೊತ್ತಿಗೆ ಸೂಗಮ್ಮ ಕುಳಿತಳು, ಮುಖ ಕಿಟಕಿಯ ಕಡೆಗೆ.